ನಂದಿನಿಗೆ ನಂದಿನಿ ಎದುರಾದಾಗ… ಒಂದೇ ಹೆಸರು, ಡಬಲ್ ಆಕ್ಟಿಂಗ್!

‘ಶಂಕರ್ ಗುರು’ (1978) ನೆನಪಿದೆಯಾ? ಅಣ್ಣಾವ್ರಿಗೆ ಅದರಲ್ಲಿ ಮೂರು ಪಾತ್ರ! ಮುಖ ಒಂದೇ. ಆದರೂ ಗಾಂಧಿ ಕ್ಲಾಸಿನ ಅಭಿಮಾನಿಗೆ ಯಾರು ಅಪ್ಪ, ಯಾರು ಮಗ ಅನ್ನೋ ಗೊಂದಲವೇ ಆಗಲಿಲ್ಲ. ಹೆಸರಿನ ವಿಷಯದಲ್ಲೂ ಇಂಥದೇ ಡಬಲ್ ಆಕ್ಟಿಂಗ್ ಕಥೆಯೊಂದು ನಮ್ಮ ಕರ್ನಾಟಕದಲ್ಲಿ ಶುರುವಾಗಿ, ಸುಪ್ರೀಂ ಕೋರ್ಟಿನಲ್ಲಿ ಕ್ಲೈಮ್ಯಾಕ್ಸ್ ಕಂಡಿತು.

ನಾಯಕಿ ಯಾರು ಗೊತ್ತೇ? ನಂದಿನಿ!

ನಾನು ಕಿಬ್ಬನಹಳ್ಳಿ ಕಡೆಯವನು. ತೆಂಗು ಕೈಕೊಟ್ಟ ವರ್ಷ ನಮ್ಮಲ್ಲಿ ಮನೆ ಸಾಗಿಸೋದು ಹಸು. ಬೆಳಿಗ್ಗೆ ಸಂಜೆ ಕ್ಯಾನು ಹಿಡಿದು ಡೇರಿ ಮುಂದೆ ನಿಲ್ಲುವ ಹೆಂಗಸರಿಗೆ ‘ನಂದಿನಿ’ ಬರೀ ಪ್ಯಾಕೆಟ್ ಅಲ್ಲ, ಬಟವಾಡೆ ದುಡ್ಡು. ಆ ಹೆಸರಿಗಾಗಿ ಅಣ್ಣಾವ್ರು, ಅಪ್ಪು ಇಬ್ಬರೂ ಸಂಭಾವನೆ ಮುಟ್ಟದೆ ಜಾಹೀರಾತಿನಲ್ಲಿ ನಿಂತರು. ಅಂಥ ಹೆಸರನ್ನ ಇನ್ನೊಬ್ಬರು ಕೇಳಿದರೆ ಸುಮ್ಮನೆ ಬಿಡ್ತಾರಾ?

ಫೈಟ್ ಶುರು!

ಹಾಲು ಮಹಾಮಂಡಳ ನಂದಿನಿ ಹೆಸರು ಬಳಸಿದ್ದು 1985ರಿಂದ. ಬೆಂಗಳೂರಿನ ಆಂಧ್ರ ಊಟದ ‘ನಂದಿನಿ ಡೀಲಕ್ಸ್’ ಬಳಸಿದ್ದು 1989ರಿಂದ. ಇಂಗ್ಲಿಷಿನಲ್ಲಿ ಬರೆದರೆ ಹೋಟೆಲಿನ ಹೆಸರಿಗೆ ಒಂದು ‘ಎಚ್’ ಜಾಸ್ತಿ, ಅಷ್ಟೇ. ಹೋಟೆಲಿನವರು ಮಾಂಸ, ಮೀನು ಮುಂತಾದ ಪದಾರ್ಥಗಳಿಗೆ ಟ್ರೇಡ್ ಮಾರ್ಕ್ ನೋಂದಣಿ ಕೇಳಿದರು. ಇದೂ ನಮ್ಮದೇ ಸರಕು ಅಂತ ಜನ ಮೋಸ ಹೋಗ್ತಾರೆ ಅನ್ನೋದು ಮಹಾಮಂಡಳದ ತಕರಾರು.

2007ರಲ್ಲಿ ಉಪ ರಿಜಿಸ್ಟ್ರಾರ್ ಆ ತಕರಾರು ತಳ್ಳಿಹಾಕಿದರು. ಮೇಲ್ಮನವಿ ಮಂಡಳಿಯಲ್ಲಿ ಮಹಾಮಂಡಳಕ್ಕೆ ಜಯ. 2014ರಲ್ಲಿ ಹೈಕೋರ್ಟಿನಲ್ಲೂ ಅದೇ. ಹಾಲಿನದೇ ಮೇಲುಗೈ!

ಕ್ಲೈಮ್ಯಾಕ್ಸ್

2018ರ ಜುಲೈ 26. ನ್ಯಾಯಮೂರ್ತಿ ಎ.ಕೆ. ಸಿಕ್ರಿ, ಅಶೋಕ್ ಭೂಷಣ್ ಅವರ ಪೀಠ ಹೋಟೆಲಿನ ಪರ ನಿಂತಿತು. ಯಾಕೆ ಸ್ವಾಮಿ? ನಂದಿನಿ ಪುರಾಣದ ಹಸುವಿನ, ದೇವತೆಯ ಹೆಸರು. ಮಹಾಮಂಡಳ ಹುಟ್ಟಿಸಿದ ಪದವಲ್ಲ. ಹಾಲಿನ ಗುರುತಿನಲ್ಲಿ ಹಸು, ಹೋಟೆಲಿನದರಲ್ಲಿ ದೀಪ. ಸರಕೂ ಬೇರೆ ಬೇರೆ. ಸರ್ಕಾರದ ಪಟ್ಟಿಯಲ್ಲಿ ಒಂದೇ ವರ್ಗಕ್ಕೆ ಬಂದ ಮಾತ್ರಕ್ಕೆ ಹಾಲೂ ಮಾಂಸವೂ ಒಂದಾಗೋದಿಲ್ಲ. ಸಾಮಾನ್ಯ ಬುದ್ಧಿಯ ಗಿರಾಕಿ ಇದರಲ್ಲಿ ಮೋಸ ಹೋಗಲಾರ. ಆದರೆ ಕೋರ್ಟು ಒಂದು ಕತ್ತರಿ ಹಾಕಿತು: ಹಾಲು, ಹಾಲಿನ ಪದಾರ್ಥಗಳಿಗೆ ಮಾತ್ರ ಹೋಟೆಲಿಗೆ ಆ ನೋಂದಣಿ ಇಲ್ಲ!

ನನ್ನ ಕೇಳಿದರೆ ಇದೇ ಸರಿ. ಕ್ಯಾನು ಹೊತ್ತವರ ಹಕ್ಕೂ ಉಳೀತು, 29 ವರ್ಷ ಒಲೆ ಉರಿಸಿದವರ ಬೋರ್ಡೂ ಉಳೀತು.

ನಮಗೇನು ಲಾಭ?

ಕೊಬ್ಬರಿ ಎಣ್ಣೆ ಗಾಣ ಹಾಕಿ ಸ್ವಂತ ಹೆಸರಿನ ಬಾಟಲಿ ಮಾಡಬೇಕು ಅನ್ನೋ ಕನಸಿನ ಗೆಳೆಯರೇ, ಕೇಳಿ. ಹೊಸ ಹೆಸರು ಟ್ರೇಡ್ ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾದ 4 ತಿಂಗಳೊಳಗೆ ಯಾರು ಬೇಕಾದರೂ ತಕರಾರು ಹಾಕಬಹುದು. ಕರ್ನಾಟಕಕ್ಕೆ ಚೆನ್ನೈ ಕಚೇರಿ. ಆನ್‌ಲೈನಾದರೆ ಒಂದು ವರ್ಗಕ್ಕೆ 2,700 ರೂಪಾಯಿ. ತಕರಾರಿನ ಪ್ರತಿ ಕೈಸೇರಿದ 2 ತಿಂಗಳಲ್ಲಿ ಅರ್ಜಿದಾರ ಉತ್ತರ ಕೊಡದಿದ್ದರೆ, ಅವನ ಅರ್ಜಿ ಕೈಬಿಟ್ಟ ಹಾಗೆ. ಆದ್ದರಿಂದ ಜರ್ನಲ್ ಮೇಲೆ ಒಂದು ಕಣ್ಣಿರಲಿ.

ಇನ್ನೊಂದು ಮಾತು. ಬಾಟಲಿ ಮೇಲೆ ತೆಂಗಿನ ಮರ ಬರೆಸಿ ‘ಇದು ನನ್ನೊಬ್ಬನದೇ’ ಅಂದರೆ ನಡೆಯೋದಿಲ್ಲ. ತಿಪಟೂರಿಂದ ತುರುವೇಕೆರೆವರೆಗೂ ತೆಂಗೇ! ಇನ್ನೊಬ್ಬರಿಗೆ ಹೊಳೆಯದ ಹೆಸರಿಡಿ. ಆಗ ಫೈಟ್ ಬಂದರೂ ಗೆಲುವು ಸುಲಭ.