ಯಂತ್ರದ ಮೊದಲ ತೆರೆಯಲ್ಲಿ ಅಕ್ಷರ

ಗಣಕಯಂತ್ರವನ್ನು ಚಾಲನೆಗೊಳಿಸಿದ ಕ್ಷಣದಿಂದ ಅದರ ಕಾರ್ಯಾಚರಣ ವ್ಯವಸ್ಥೆ ಎಚ್ಚರಗೊಳ್ಳುವವರೆಗೆ ಬೂಟ್‌ಲೋಡರ್ ಎಂಬ ಚಿಕ್ಕ ತಂತ್ರಾಂಶವು ಯಂತ್ರವನ್ನು ನೋಡಿಕೊಳ್ಳುತ್ತದೆ. ಆ ಹಂತದಲ್ಲಿ ದೋಷ ಕಂಡುಬಂದರೆ ಅದನ್ನು ತೆರೆಯ ಮೇಲೆ ಬರೆದು ತಿಳಿಸಬೇಕಾದದ್ದೂ ಅದೇ.

ಈ ಬರಹಕ್ಕೆ ರೂಢಿಯಲ್ಲಿರುವುದು ಚುಕ್ಕಿಗಳಿಂದಾದ ಅಕ್ಷರ. ಅದರ ಅಗಲ 8 ಚುಕ್ಕಿ, ಎತ್ತರ 16 ಚುಕ್ಕಿ. 1920 ಚುಕ್ಕಿ ಅಗಲದ ತೆರೆಯಲ್ಲಿ ಒಂದು ಸಾಲಿಗೆ ಇಂತಹ 240 ಅಕ್ಷರಗಳು ಹಿಡಿಯುತ್ತವೆ. ಓದುವವರಿಗೆ ಇರುವೆಯ ಸಾಲು ಕಂಡಂತಾಗುತ್ತದೆ. ಹಿಗ್ಗಿಸಿದರೆ ಅಂಚುಗಳು ಮೆಟ್ಟಿಲಾಗುತ್ತವೆ. ಹಳೆಯ ಮುದ್ರಣಾಲಯದ ಅಚ್ಚುಮೊಳೆಗಳ ಸ್ಥಿತಿಯೂ ಇದೇ ಆಗಿತ್ತು: ಗಾತ್ರ ಬೇರೆಯಾದರೆ ಮೊಳೆಯೂ ಬೇರೆ.

ಬಹುಬಳಕೆಯ ಬೂಟ್‌ಲೋಡರ್ ಆದ ಯು-ಬೂಟ್‌ಗೆ 2016ರಲ್ಲಿ ಟ್ರೂಟೈಪ್ ಅಕ್ಷರಗಳ ಸೌಲಭ್ಯ ಸೇರಿತು. ಇಲ್ಲಿ ಅಕ್ಷರವು ಚುಕ್ಕಿಗಳ ಪಟ್ಟಿಯಲ್ಲ, ವಕ್ರರೇಖೆಗಳ ವಿವರಣೆ. ಶಾನ್ ಬ್ಯಾರೆಟ್ ರಚಿಸಿದ ಪುಟ್ಟ ತಂತ್ರಾಂಶಭಾಗವೊಂದು ಆ ರೇಖೆಗಳನ್ನು ಬೇಕಾದ ಗಾತ್ರಕ್ಕೆ ಬಿಡಿಸಿ, ಅಂಚಿನ ಚುಕ್ಕಿಗಳಿಗೆ ಮಸುಕಾದ ಛಾಯೆ ಕೊಟ್ಟು ನುಣುಪಾಗಿಸುತ್ತದೆ. ಬೂಟ್‌ಲೋಡರನ್ನು ಕಟ್ಟುವಾಗಲೇ ಈ ಆಯ್ಕೆಯನ್ನು ತೆರೆದು, ಅಕ್ಷರಶೈಲಿಯನ್ನೂ ಗಾತ್ರವನ್ನೂ ಗೊತ್ತುಪಡಿಸಬೇಕು. ಶೈಲಿಯ ಕಡತ ಬೂಟ್‌ಲೋಡರಿನೊಳಗೇ ಅಡಕವಾಗುತ್ತದೆ. ಇದರಿಂದ ತಂತ್ರಾಂಶದ ಗಾತ್ರ ಹೆಚ್ಚುತ್ತದೆ, ಬರಹದ ವೇಗ ತಗ್ಗುತ್ತದೆ. ಓದುವ ಕಣ್ಣಿಗೆ ಮಾತ್ರ ಲಾಭ.

ಹಾಗಾದರೆ ಕನ್ನಡದ ಶೈಲಿಯೊಂದನ್ನು ಅಡಕಗೊಳಿಸಿದರೆ ಆ ತೆರೆಯಲ್ಲಿ ಕನ್ನಡ ಮೂಡುವುದೇ? ರೋಮನ್ ಲಿಪಿಗೆ ಸಾಕಾಗುವುದು ಕನ್ನಡಕ್ಕೆ ಸಾಲದು. 'ಸ್ತ್ರೀ' ಎಂಬ ಒಂದೇ ಅಕ್ಷರಕ್ಕೆ ಯೂನಿಕೋಡಿನಲ್ಲಿ ಆರು ಸಂಕೇತಗಳಿವೆ. ಅವುಗಳಲ್ಲಿ ಕೊನೆಯದಾದ ಈಕಾರ ಮೊದಲಿನ ಸಕಾರವನ್ನು ಸೇರಬೇಕು. ತಕಾರ ರಕಾರಗಳು ಒತ್ತುಗಳಾಗಿ ಕೆಳಗಿಳಿಯಬೇಕು. 'ಸೂರ್ಯ' ಪದದಲ್ಲಿ ಯಕಾರಕ್ಕಿಂತ ಮೊದಲು ಉಚ್ಚಾರಗೊಳ್ಳುವ ರಕಾರ ಅರ್ಕಾವೊತ್ತಾಗಿ ಯಕಾರದ ಬಳಿಕ ನಿಲ್ಲುತ್ತದೆ. ಮರಾಠಿಯ ದೇವನಾಗರಿಯಲ್ಲಿಯೂ ವ್ಯಂಜನದ ನಂತರ ನುಡಿಯುವ ಹ್ರಸ್ವ ಇಕಾರದ ಚಿಹ್ನೆ ವ್ಯಂಜನದ ಎಡಕ್ಕೆ ಬರುತ್ತದೆ. ಯು-ಬೂಟ್ ಆದರೋ ಸಂಕೇತಗಳನ್ನು ಒಂದೊಂದಾಗಿ ಬಿಡಿಸಿ ಎಡದಿಂದ ಬಲಕ್ಕೆ ಇಡುತ್ತ ಹೋಗುತ್ತದೆ. ಸಂಯೋಜನೆಯ ನಿಯಮವನ್ನು ಬಲ್ಲ ಹಾರ್ಫ್‌ಬಜ್‌ನಂತಹ ತಂತ್ರಾಂಶ ಕಾರ್ಯಾಚರಣ ವ್ಯವಸ್ಥೆ ಎದ್ದ ಮೇಲಷ್ಟೇ ಕೈಗೆ ಸಿಗುತ್ತದೆ.

ಈ ಸಂಗತಿ ನೀಲಗಿರಿಗೆ ಹೊರಗಿನದಲ್ಲ. 19ನೆಯ ಶತಮಾನದಲ್ಲಿ ಬಾಸೆಲ್ ಮಿಷನ್ನಿನವರು ಇಲ್ಲಿನ ಬಡಗ ನುಡಿಯನ್ನು ಬರೆಯಲು ಆರಿಸಿಕೊಂಡದ್ದು ಕನ್ನಡ ಲಿಪಿಯನ್ನೇ. ಮೊಳೆಯ ಕಾಲದಲ್ಲಿ ಒತ್ತು ಎಲ್ಲಿ ಕೂರಬೇಕೆಂಬುದು ಜೋಡಿಸುವವನ ಕೈಗೆ ತಿಳಿದಿತ್ತು. ಟ್ರೂಟೈಪ್ ಗಾತ್ರದ ತೊಡಕನ್ನು ನೀಗಿತು. ಜೋಡಿಸುವವನ ಸ್ಥಾನ ಮಾತ್ರ ಬೂಟ್‌ಲೋಡರಿನಲ್ಲಿ ಇನ್ನೂ ಖಾಲಿ ಇದೆ.

ಸದ್ಯಕ್ಕೆ ಒಂದು ದಾರಿಯುಂಟು. ಸ್ಥಿರವಾದ ಸೂಚನೆಗಳನ್ನು ಮೊದಲೇ ಸರಿಯಾಗಿ ಸಂಯೋಜಿಸಿ ಚಿತ್ರವಾಗಿ ಉಳಿಸಿದರೆ ಯು-ಬೂಟ್ ಅದನ್ನು ತೋರಿಸಬಲ್ಲದು. ಆದರೆ ದೋಷಸಂದೇಶಗಳು ಸಂದರ್ಭಕ್ಕೆ ತಕ್ಕಂತೆ ಬದಲಾಗುವಂಥವು. ಅವುಗಳಿಗೆ ಚಿತ್ರ ಸಾಲದು, ಸಂಯೋಜನೆಯ ನಿಯಮವೇ ಬೇಕು. ಆ ನಿಯಮವನ್ನು ಮಿತವಾದ ಸ್ಮೃತಿಯಲ್ಲಿ ನಡೆಯುವಷ್ಟು ಚಿಕ್ಕದಾಗಿ ಬರೆಯಲು ತಂತ್ರಜ್ಞಾನದೊಡನೆ ಕಾಗುಣಿತ, ಒತ್ತಕ್ಷರಗಳ ಖಚಿತ ತಿಳಿವಳಿಕೆಯೂ ಅಗತ್ಯ. ಕನ್ನಡದ ವಿದ್ಯಾರ್ಥಿಗೆ ಅಲ್ಲಿ ಕೆಲಸವಿದೆ.