ಕಾರಿನ ನಿಷ್ಕಾಸ ವ್ಯವಸ್ಥೆಯ ಬದಲಾವಣೆ

ಕಾರಿನ ನಿಷ್ಕಾಸ ವ್ಯವಸ್ಥೆಯ ಬದಲಾವಣೆ ಎಂದರೆ ಕಾರ್ಖಾನೆಯಲ್ಲಿ ಜೋಡಿಸಲಾದ ಹೊಗೆಕೊಳವೆ, ಸೈಲೆನ್ಸರ್ ಮೊದಲಾದ ಭಾಗಗಳನ್ನು ತೆಗೆದು ಅವುಗಳ ಸ್ಥಾನದಲ್ಲಿ ಬೇರೆ ತಯಾರಕರ ಭಾಗಗಳನ್ನು ಅಳವಡಿಸುವುದು. ಆಡುಮಾತಿನಲ್ಲಿ ಇದನ್ನು "ಸೈಲೆನ್ಸರ್ ಬದಲಿಸುವುದು" ಎನ್ನುತ್ತಾರೆ. ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸುವುದು, ವಾಹನದ ತೂಕವನ್ನು ಇಳಿಸುವುದು, ಇಷ್ಟವಾದ ಧ್ವನಿಯನ್ನು ಪಡೆಯುವುದು ಹಾಗೂ ತುಕ್ಕು ಹಿಡಿದ ಹಳೆಯ ಭಾಗಕ್ಕೆ ಬದಲಿ ಹಾಕುವುದು ಇದರ ಸಾಮಾನ್ಯ ಉದ್ದೇಶಗಳು. ಉಡುಪಿ ಜಿಲ್ಲೆಯ ಬ್ರಹ್ಮಾವರ, ಕುಂದಾಪುರ, ಬೈಂದೂರು ತಾಲೂಕುಗಳಂತಹ ಕಡಲತೀರದ ಪ್ರದೇಶಗಳಲ್ಲಿ ಉಪ್ಪುಗಾಳಿ, ದೀರ್ಘ ಮಳೆಗಾಲ ಮತ್ತು ಕಾನೂನಿನ ಮಿತಿಗಳು ಈ ಆಯ್ಕೆಯನ್ನು ಅಶ್ವಶಕ್ತಿಗಿಂತಲೂ ಹೆಚ್ಚಾಗಿ ನಿರ್ಧರಿಸುತ್ತವೆ.

ರಚನೆ

ಎಂಜಿನ್ನಿನ ಪ್ರತಿಯೊಂದು ಸಿಲಿಂಡರಿನಿಂದ ಹೊರಬರುವ ಅನಿಲವು ಮೊದಲು ಮ್ಯಾನಿಫೋಲ್ಡ್ ಎಂಬ ಕವಲುಕೊಳವೆಯಲ್ಲಿ ಒಂದುಗೂಡುತ್ತದೆ. ಟರ್ಬೊ ಇರುವ ಕಾರುಗಳಲ್ಲಿ ಅದು ಟರ್ಬೊ ಚಕ್ರವನ್ನು ತಿರುಗಿಸಿ ಮುಂದೆ ಸಾಗುತ್ತದೆ. ಅನಂತರ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಜೇನುಗೂಡಿನಾಕಾರದ ಭಾಗದಲ್ಲಿ ಕಾರ್ಬನ್ ಮಾನಾಕ್ಸೈಡ್, ಉರಿಯದ ಇಂಧನ ಮತ್ತು ನೈಟ್ರೋಜನ್ ಆಕ್ಸೈಡುಗಳು ಕಡಿಮೆ ಅಪಾಯಕಾರಿ ಅನಿಲಗಳಾಗಿ ಮಾರ್ಪಡುತ್ತವೆ. ಇದರ ಹಿಂದೆ ಮುಂದೆ ಇರುವ ಆಮ್ಲಜನಕ ಸಂವೇದಕಗಳು ಎಂಜಿನ್ನಿನ ಗಣಕಕ್ಕೆ ವರದಿ ಮಾಡುತ್ತವೆ. ಕೊನೆಯಲ್ಲಿ ಧ್ವನಿಯನ್ನು ತಗ್ಗಿಸುವ ರೆಸೊನೇಟರ್, ಮಫ್ಲರ್ ಮತ್ತು ಹೊರಗೆ ಕಾಣುವ ಬಾಲಕೊಳವೆ ಇರುತ್ತವೆ.

ಮಾರುಕಟ್ಟೆಯಲ್ಲಿ ದೊರೆಯುವ ಬದಲಿ ವ್ಯವಸ್ಥೆಗಳನ್ನು ಅವು ಎಲ್ಲಿಂದ ಆರಂಭವಾಗುತ್ತವೆ ಎಂಬುದರ ಮೇಲೆ ಹೆಸರಿಸುತ್ತಾರೆ. ಹಿಂದಿನ ಮಫ್ಲರನ್ನು ಮಾತ್ರ ಬದಲಿಸುವುದು ಆಕ್ಸಲ್-ಬ್ಯಾಕ್. ಕನ್ವರ್ಟರಿನ ಹಿಂದಿನ ಎಲ್ಲವನ್ನೂ ಬದಲಿಸುವುದು ಕ್ಯಾಟ್-ಬ್ಯಾಕ್. ಮ್ಯಾನಿಫೋಲ್ಡಿನ ಬದಲು ಹಾಕುವುದು ಹೆಡರ್, ಟರ್ಬೊದ ಬಾಯಿಯಿಂದ ಕೆಳಗಿಳಿಯುವುದು ಡೌನ್‌ಪೈಪ್. ಎಂಜಿನ್ನಿಗೆ ಹತ್ತಿರವಾದಷ್ಟೂ ಪರಿಣಾಮ ಹೆಚ್ಚು, ಕಾನೂನಿನ ತೊಡಕೂ ಹೆಚ್ಚು.

ಶಕ್ತಿಯ ಪ್ರಶ್ನೆ

ಟರ್ಬೊ ಇಲ್ಲದ ಸಾಮಾನ್ಯ ಪೆಟ್ರೋಲ್ ಕಾರಿನಲ್ಲಿ ಕ್ಯಾಟ್-ಬ್ಯಾಕ್ ವ್ಯವಸ್ಥೆಯಿಂದ ದೊರೆಯುವ ಲಾಭ ಕೆಲವೇ ಅಶ್ವಶಕ್ತಿ. ಅಷ್ಟನ್ನು ಚಾಲಕನು ಗುರುತಿಸುವುದೇ ಕಷ್ಟ. ಧ್ವನಿ ಜೋರಾದಾಗ ಕಾರೂ ವೇಗವಾಗಿದೆ ಎಂಬ ಭ್ರಮೆ ಉಂಟಾಗುತ್ತದೆ. ಭಾರತದಲ್ಲಿ ಉತ್ಸಾಹಿಗಳ ನಡುವೆ ಹೆಸರಾದ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್ಐ, ಹ್ಯುಂಡೈ ಐ20 ಎನ್ ಲೈನ್ ಮೊದಲಾದ ಟರ್ಬೊ ಕಾರುಗಳಲ್ಲಿ ಮಾತ್ರ ಟರ್ಬೊದ ಹಿಂದಿನ ಅಡೆತಡೆ ಕಡಿಮೆಯಾದರೆ ಗಣನೀಯ ವ್ಯತ್ಯಾಸ ಕಾಣಬಹುದು. ಅದೂ ಗಣಕದ ಇಂಧನ ನಕ್ಷೆಯನ್ನು ತಿದ್ದಿದಾಗಲೇ ಪೂರ್ಣವಾಗಿ ದೊರೆಯುತ್ತದೆ.

"ಎಂಜಿನ್ನಿಗೆ ಸ್ವಲ್ಪ ಹಿಮ್ಮುಖ ಒತ್ತಡ ಬೇಕೇ ಬೇಕು" ಎಂಬ ಮಾತು ಗ್ಯಾರೇಜುಗಳಲ್ಲಿ ಪ್ರಚಲಿತವಾಗಿದೆ. ಇದು ಸರಿಯಲ್ಲ. ಬೇಕಾದದ್ದು ಅನಿಲದ ವೇಗ. ಕೊಳವೆ ಅತಿಯಾಗಿ ಅಗಲವಾದರೆ ಅನಿಲವು ನಿಧಾನಗೊಂಡು ತಣ್ಣಗಾಗುತ್ತದೆ. ಒಂದು ಸಿಲಿಂಡರಿನ ಹೊಗೆ ಮುಂದಿನದರ ಹೊಗೆಯನ್ನು ಎಳೆದುಕೊಳ್ಳುವ ಪರಿಣಾಮ ಕುಂದುತ್ತದೆ. ಆಗ ಕೆಳವೇಗದ ಎಳೆತ ಕಡಿಮೆಯಾಗುತ್ತದೆ. ಕೊಲ್ಲೂರು ದಾಟಿ ನಾಗೋಡಿ ಘಾಟಿಯನ್ನೋ ಹೊಸಂಗಡಿಯಿಂದ ಬಾಳೆಬರೆ ಘಾಟಿಯನ್ನೋ ಏರುವವರಿಗೆ ಬೇಕಾಗುವುದು ಈ ಕೆಳವೇಗದ ಎಳೆತವೇ. ಅಗಲವಾದ ಕೊಳವೆ ಹಾಕಿಸಿಕೊಂಡವರು ತಿರುವುಗಳಲ್ಲಿ ಪದೇಪದೇ ಗೇರ್ ಇಳಿಸಬೇಕಾಗಿ ಬರುವುದುಂಟು.

ಧ್ವನಿ

ನಾಲ್ಕು ಸಿಲಿಂಡರಿನ ಎಂಜಿನ್ ಒಂದು ಸುತ್ತಿಗೆ ಎರಡು ಬಾರಿ ಸ್ಫೋಟಿಸುತ್ತದೆ. ನಿಮಿಷಕ್ಕೆ 3000 ಸುತ್ತುಗಳಲ್ಲಿ ಅದು ಸೆಕೆಂಡಿಗೆ 100 ಸ್ಫೋಟಗಳಾಗುತ್ತವೆ, ಅಂದರೆ 100 ಹರ್ಟ್ಜ್. ಹೆದ್ದಾರಿಯಲ್ಲಿ ಸಮವೇಗದಲ್ಲಿ ಸಾಗುವಾಗ ಇಂತಹ ತಗ್ಗು ಕಂಪನವು ಕಾರಿನ ಒಳಭಾಗದ ಗಾಳಿಯೊಡನೆ ಅನುರಣಿಸಿದರೆ ಬಿಡದ ಗುಂಯ್‌ಗುಡುವಿಕೆ ಉಂಟಾಗುತ್ತದೆ. ಅಂಗಡಿಯ ಮುಂದೆ ನಿಲ್ಲಿಸಿ ಕೇಳಿದಾಗ ಹಿತವೆನಿಸಿದ ಧ್ವನಿ ಕುಂದಾಪುರದಿಂದ ಮಂಗಳೂರು ತಲುಪುವಷ್ಟರಲ್ಲಿ ತಲೆನೋವಾಗುವುದು ಈ ಕಾರಣದಿಂದ. ರೆಸೊನೇಟರಿನ ಕೆಲಸವೇ ನಿರ್ದಿಷ್ಟ ಕಂಪನಗಳನ್ನು ಅಡಗಿಸುವುದು. ಅದನ್ನು ತೆಗೆಸಿ ನೇರ ಕೊಳವೆ ಹಾಕಿಸುವುದು ಅತ್ಯಂತ ಅಗ್ಗದ ಬದಲಾವಣೆ, ಹೆಚ್ಚು ಪಶ್ಚಾತ್ತಾಪಕ್ಕೆ ಕಾರಣವಾಗುವ ಬದಲಾವಣೆಯೂ ಹೌದು. ಡೆಸಿಬೆಲ್ ಪ್ರಮಾಣವು ಸಾಮಾನ್ಯ ಸಂಖ್ಯೆಯಂತೆ ಏರುವುದಿಲ್ಲ: 10 ಡೆಸಿಬೆಲ್ ಹೆಚ್ಚಿದರೆ ಧ್ವನಿಶಕ್ತಿ ಹತ್ತು ಪಟ್ಟಾಗುತ್ತದೆ, ಕಿವಿಗೆ ಸುಮಾರು ಎರಡು ಪಟ್ಟು ಜೋರಾಗಿ ಕೇಳುತ್ತದೆ.

ಕರಾವಳಿಯ ಹವೆ ಮತ್ತು ಲೋಹದ ಆಯ್ಕೆ

ಬ್ರಹ್ಮಾವರದಿಂದ ಕೋಟ, ಕುಂದಾಪುರ, ಹೆಮ್ಮಾಡಿ, ಮರವಂತೆ, ಬೈಂದೂರು ಮಾರ್ಗವಾಗಿ ಸಾಗುವ ರಾಷ್ಟ್ರೀಯ ಹೆದ್ದಾರಿ 66 ಉದ್ದಕ್ಕೂ ಸಮುದ್ರಕ್ಕೆ ಸಮೀಪವಾಗಿದೆ. ಮರವಂತೆಯಲ್ಲಿ ರಸ್ತೆಯ ಒಂದು ಬದಿಗೆ ಅರಬ್ಬೀ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಅಲೆಗಳಿಂದ ಏಳುವ ಸೂಕ್ಷ್ಮ ಉಪ್ಪುಹನಿಗಳು ವಾಹನದ ತಳಕ್ಕೆ ಅಂಟುತ್ತವೆ. ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ 4000 ಮಿಲಿಮೀಟರಿಗೂ ಹೆಚ್ಚು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಉಪ್ಪು, ತೇವ ಮತ್ತು ಕೊಳವೆಯ ಶಾಖ ಒಂದಾದಾಗ ಲೋಹ ಬೇಗನೆ ಸವೆಯುತ್ತದೆ.

ತುಕ್ಕು ಹೊರಗಿನಿಂದ ಮಾತ್ರ ಬರುವುದಿಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸರಿಸುಮಾರು ಒಂದು ಲೀಟರಿನಷ್ಟೇ ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ಕೊಳವೆ ಚೆನ್ನಾಗಿ ಬಿಸಿಯಾದರೆ ಅದು ಹೊರಹೋಗುತ್ತದೆ. ಮನೆಯಿಂದ ಪೇಟೆಗೆ, ಪೇಟೆಯಿಂದ ಶಾಲೆಗೆ ಎರಡು ಮೂರು ಕಿಲೋಮೀಟರ್ ಓಡಿ ನಿಲ್ಲುವ ಕಾರಿನಲ್ಲಿ ಆವಿ ನೀರಾಗಿ ಮಫ್ಲರಿನ ತಳದಲ್ಲಿ ಉಳಿದು ಒಳಗಿನಿಂದಲೇ ಕೊರೆಯುತ್ತದೆ. ಕಡಿಮೆ ಓಡಿದ ಕಾರಿನ ಸೈಲೆನ್ಸರ್ ಬೇಗ ತೂತಾಗುವ ವಿಚಿತ್ರಕ್ಕೆ ಇದೇ ಕಾರಣ.

ಸಾದಾ ಕಬ್ಬಿಣದ ಕೊಳವೆ ಅಗ್ಗವಾದರೂ ಈ ಹವೆಯಲ್ಲಿ ಬಾಳುವುದಿಲ್ಲ. ಅಲ್ಯುಮಿನಿಯಂ ಲೇಪಿತ ಉಕ್ಕು ಅದಕ್ಕಿಂತ ಮೇಲು, ಆದರೆ ವೆಲ್ಡಿಂಗ್ ಮಾಡಿದ ಜಾಗದಲ್ಲಿ ಲೇಪ ಸುಟ್ಟುಹೋಗಿ ತುಕ್ಕು ಅಲ್ಲಿಂದ ಆರಂಭವಾಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಎಂಬ ಹೆಸರಿನಲ್ಲಿಯೂ ಭೇದವಿದೆ. 409 ದರ್ಜೆಯಲ್ಲಿ ಸುಮಾರು ಶೇಕಡಾ 11ರಷ್ಟು ಕ್ರೋಮಿಯಂ ಇರುತ್ತದೆ. ಅದರ ಮೇಲೆ ಕಂದು ತುಕ್ಕು ಕಾಣುತ್ತದೆ. 304 ದರ್ಜೆಯಲ್ಲಿ ಸುಮಾರು ಶೇಕಡಾ 18 ಕ್ರೋಮಿಯಂ, 8 ನಿಕ್ಕಲ್ ಇದ್ದು ತುಕ್ಕಿಗೆ ಬಹಳ ಮಟ್ಟಿಗೆ ತಡೆಯೊಡ್ಡುತ್ತದೆ. ಆದರೂ ಉಪ್ಪಿನ ಕ್ಲೋರೈಡ್ ಅದರಲ್ಲಿಯೂ ಸಣ್ಣ ಚುಕ್ಕಿಗುಳಿಗಳನ್ನು ಮಾಡಬಲ್ಲದು. ಶೇಕಡಾ 2ರಿಂದ 3 ಮಾಲಿಬ್ಡಿನಂ ಬೆರೆತ 316 ದರ್ಜೆ ದೋಣಿ-ಹಡಗುಗಳ ಬಿಡಿಭಾಗಗಳಿಗೆ ಬಳಕೆಯಾಗುವಂಥದು, ಬೆಲೆ ಹೆಚ್ಚು. ಕಡಲತೀರದಲ್ಲಿ ದಿನನಿತ್ಯ ಓಡಿಸುವ ಕಾರಿಗೆ 304 ಸಾಧಾರಣವಾಗಿ ಸಾಕು. ಖರೀದಿಸುವಾಗ "ಸ್ಟೀಲ್" ಎಂಬ ಮಾತಿಗೆ ಒಪ್ಪದೆ ದರ್ಜೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು.

ತೆಳುವಾದ ಸ್ಟೇನ್‌ಲೆಸ್ ಕೊಳವೆಗೆ ಆರ್ಗಾನ್ ವೆಲ್ಡಿಂಗ್ ಸೂಕ್ತ. ಕಬ್ಬಿಣಕ್ಕೆ ಬಳಸುವ ಸಾದಾ ರಾಡಿನಿಂದ ಬೆಸೆದರೆ ಬೆಸುಗೆಯೇ ಮೊದಲು ಕೊಳೆಯುತ್ತದೆ. ಶಾಖ ತಡೆಯಲು ಸುತ್ತುವ ನಾರುಪಟ್ಟಿಯು ಒಣ ಪ್ರದೇಶಗಳಲ್ಲಿ ಉಪಯುಕ್ತವಾದರೂ ಇಲ್ಲಿ ಮಳೆನೀರನ್ನು ಹಿಡಿದಿಟ್ಟುಕೊಂಡು ಕೊಳವೆಗೆ ಹಾನಿ ಮಾಡುತ್ತದೆ.

ಕಾನೂನು

ಮೋಟಾರು ವಾಹನಗಳ ಕಾಯ್ದೆ, 1988ರ 52ನೆಯ ಕಲಮು ತಯಾರಕರು ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿ 9ರಂದು ಸರ್ವೋಚ್ಚ ನ್ಯಾಯಾಲಯವು ಇದನ್ನು ಎತ್ತಿಹಿಡಿಯಿತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೆಯ ನಿಯಮವು ಪ್ರತಿ ವಾಹನಕ್ಕೂ ಶಬ್ದ ತಗ್ಗಿಸುವ ಸೈಲೆನ್ಸರ್ ಇರಬೇಕೆನ್ನುತ್ತದೆ. 2019ರ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ ಮಾಲೀಕನಿಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡೂ ಆಗಬಹುದು. ಶಬ್ದ ಮತ್ತು ವಾಯುಮಾಲಿನ್ಯದ ಮಾನದಂಡ ಮೀರಿ ಓಡಿಸಿದರೆ ಮೊದಲ ಅಪರಾಧಕ್ಕೆ ದಂಡ 10,000 ರೂಪಾಯಿವರೆಗೂ ಹೋಗಬಹುದು. ಸೆರೆವಾಸ ಹಾಗೂ ಚಾಲನಾ ಪರವಾನಗಿಯ ಮೂರು ತಿಂಗಳ ಅನರ್ಹತೆಗೂ ಅವಕಾಶವಿದೆ.

ಹೊಸ ಪ್ರಯಾಣಿಕ ಕಾರುಗಳಿಗೆ ತಯಾರಿಕೆಯ ಹಂತದಲ್ಲಿ ಇರುವ ಶಬ್ದಮಿತಿ 74 ಡೆಸಿಬೆಲ್. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ ಕನಿಷ್ಠ 100 ಮೀಟರ್ ಪ್ರದೇಶವನ್ನು ನಿಶ್ಶಬ್ದ ವಲಯವಾಗಿ ಘೋಷಿಸಲು 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ಅವಕಾಶವಿದೆ. ಹೆದ್ದಾರಿಯ ಅಂಚಿನಲ್ಲಿಯೇ ಬೆಳೆದ ಈ ಭಾಗದ ಪೇಟೆಗಳಲ್ಲಿ ತರಗತಿಯ ಪಾಠವೂ ರೋಗಿಯ ನಿದ್ರೆಯೂ ರಸ್ತೆಯಿಂದ ಕೆಲವೇ ಮಾರು ದೂರದಲ್ಲಿರುತ್ತವೆ. ಕರ್ನಾಟಕದ ಹಲವು ಊರುಗಳಲ್ಲಿ ಪೊಲೀಸರು ವಶಪಡಿಸಿಕೊಂಡ ಕರ್ಕಶ ಸೈಲೆನ್ಸರುಗಳ ಮೇಲೆ ರೋಡ್ ರೋಲರ್ ಹಾಯಿಸಿ ನಾಶಪಡಿಸಿದ್ದಾರೆ. ಅವುಗಳಲ್ಲಿ ಹೆಚ್ಚಿನವು ಬೈಕುಗಳವು.

ಕನ್ವರ್ಟರನ್ನು ತೆಗೆಸುವುದು ಎಲ್ಲಕ್ಕಿಂತ ಗಂಭೀರ ಲೋಪ. 2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್-6 ಮಾನದಂಡದ ಕಾರುಗಳಲ್ಲಿ ಹಿಂದಿನ ಸಂವೇದಕವು ಇದನ್ನು ಪತ್ತೆಹಚ್ಚಿ ಎಂಜಿನ್ ದೀಪವನ್ನು ಬೆಳಗಿಸುತ್ತದೆ. ಆಮದು ಮಾಡಿದ ಮಫ್ಲರಿನ ಮೇಲೆ ಯುರೋಪಿನ ಅನುಮೋದನೆಯ "ಇ" ಮುದ್ರೆ ಇದ್ದರೆ ಗುಣಮಟ್ಟದ ಬಗ್ಗೆ ಒಂದಿಷ್ಟು ಭರವಸೆ ಸಿಗುತ್ತದೆ, ಆದರೆ ಅದರಿಂದಲೇ ಭಾರತದಲ್ಲಿ ಅದು ಕ್ರಮಬದ್ಧವಾಗುವುದಿಲ್ಲ. ಆದ್ದರಿಂದ ಸಾರ್ವಜನಿಕ ರಸ್ತೆಯ ಕಾರಿಗೆ ತಯಾರಕ ಕಂಪನಿಯ ಬಿಡಿಭಾಗ ಅಥವಾ ಅದೇ ನಿರ್ದಿಷ್ಟತೆಯ ಬದಲಿ ಭಾಗವೇ ನಿರಾತಂಕವಾದ ಆಯ್ಕೆ. ನೇರಕೊಳವೆಗಳ ಸ್ಥಾನ ಸ್ಪರ್ಧಾಪಥದಲ್ಲಿ ಮಾತ್ರ.

ಅಳವಡಿಕೆ ಮತ್ತು ಸುರಕ್ಷತೆ

ಕೊಳವೆಯ ಜೋಡಣೆಗಳಲ್ಲಿ ಸೋರಿಕೆ ಇದ್ದರೆ ಕಾರ್ಬನ್ ಮಾನಾಕ್ಸೈಡ್ ಕಾರಿನೊಳಗೆ ಸೇರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಳೆಗಾಲದಲ್ಲಿ ಗಾಜುಗಳನ್ನು ಏರಿಸಿ, ಎಂಜಿನ್ ಚಾಲೂ ಇಟ್ಟು, ನಿಂತ ಕಾರಿನಲ್ಲಿ ಮಲಗುವವರಿಗೆ ಇದು ಪ್ರಾಣಾಪಾಯ. ಎಂಜಿನ್ ತಣ್ಣಗಿರುವಾಗ ಚಾಲೂ ಮಾಡಿ ಟಿಕ್‌ಟಿಕ್ ಎಂಬ ಸದ್ದು ಬರುತ್ತದೆಯೇ, ಜೋಡಣೆಯ ಸುತ್ತ ಕಪ್ಪು ಮಸಿ ಇದೆಯೇ ಎಂದು ನೋಡಬೇಕು. ತಲೆನೋವು, ವಾಕರಿಕೆ ಕಂಡರೆ ಕೂಡಲೇ ಕಾರಿನಿಂದ ಹೊರಬರಬೇಕು.

ಹೊಸ ವ್ಯವಸ್ಥೆಯು ಕಾರಿನ ತಳದಿಂದ ಕೆಳಕ್ಕೆ ಜೋತುಬಿದ್ದರೆ ಹಳ್ಳಿದಾರಿಯ ಮುರಕಲ್ಲಿಗೆ, ಉಬ್ಬುಗಳಿಗೆ ತಾಗುತ್ತದೆ. ತೂಗುಹಾಕುವ ರಬ್ಬರುಗಳನ್ನು ಅದೇ ವೇಳೆಗೆ ಹೊಸದಾಗಿ ಹಾಕಿಸುವುದು ವಾಡಿಕೆ. ಮಳೆಗಾಲದ ನಂತರ ಹಾಗೂ ಸಮುದ್ರದಂಚಿನಲ್ಲಿ ಓಡಾಡಿದ ಮೇಲೆ, ಕೊಳವೆ ತಣಿದಿರುವಾಗ ಕಾರಿನ ತಳವನ್ನು ಸಿಹಿನೀರಿನಿಂದ ತೊಳೆಯಬೇಕು. ತೆಗೆದಿಟ್ಟ ಮೂಲ ಸೈಲೆನ್ಸರನ್ನು ಗುಜರಿಗೆ ಹಾಕದೆ ಉಳಿಸಿಕೊಂಡರೆ ಕಾರನ್ನು ಮಾರುವಾಗಲೂ ವಿಮೆಯ ತಪಾಸಣೆಯ ವೇಳೆಯೂ ನೆರವಾಗುತ್ತದೆ.