ದೊಡ್ಡಮ್ಮನ ಟೀವಿಗೊಂದು ಪುಟ್ಟ ಕಂಪ್ಯೂಟರು

ಗುಂಡಿ ಒತ್ತಿದರೆ ಹತ್ತಿಕೊಳ್ಳುವ, ಇನ್ನೊಮ್ಮೆ ಒತ್ತಿದರೆ ಆರಿಹೋಗುವ ವಸ್ತುವೇ ಟೀವಿ ಎಂದಿದ್ದ ಕಾಲ ಹೋಯಿತು. ಈಗ ಅದರ ಹಿಂದೊಂದು ಪೆಟ್ಟಿಗೆ, ಪಕ್ಕದಲ್ಲೊಂದು ಸ್ಟಿಕ್ಕು, ಗೋಡೆಯ ಮೇಲೊಂದು ವೈಫೈ ಡಬ್ಬಿ, ಮೇಜಿನ ಮೇಲೆ ಮೂರು ಮೂರು ರಿಮೋಟು! ನಮಗೇ ತಲೆ ಗಿರ್ರೆನ್ನುವಾಗ ಮನೆಯ ಹಿರಿಯರ ಪಾಡೇನು ಹೇಳಿ? ಮಗ ಊರಿಂದ ಬಂದಾಗ ಏನೋ ತಂದು ಜೋಡಿಸಿ ಹೋಗುತ್ತಾನೆ. ಅವನು ಬಸ್ಸು ಹತ್ತಿದ ಮರುದಿನದಿಂದ ಅಮ್ಮ ಆ ರಿಮೋಟನ್ನು ಮುಟ್ಟುವುದಿಲ್ಲ. ಮೊಮ್ಮಗ ಶಾಲೆಯಿಂದ ಬರಲಿ ಎಂದು ಕಪ್ಪು ಪರದೆಯ ಮುಂದೆ ಕಾಯುತ್ತಾ ಕೂತಿರುತ್ತಾರೆ. ಇಂಥ ದೃಶ್ಯ ನಿಮ್ಮ ಬಳಗದಲ್ಲೂ ಇರಬೇಕಲ್ಲವೇ?

ಹಿರಿಯರಿಗಾಗಿ ಟೀವಿಗೆ ಜೋಡಿಸುವ ಪುಟ್ಟ ಕಂಪ್ಯೂಟರ್ ಕೊಳ್ಳಬೇಕೆಂದಿರುವ ಸೋದರಿಯರಿಗೆ ಈ ನಾಲ್ಕು ಮಾತು. ಇದು ಗಂಡಸರ ವಿಷಯ, ನಮಗೇಕೆ ಎನ್ನಬೇಡಿ. ತಂದುಕೊಡುವುದು ಅವರಾದರೂ, ಆಮೇಲೆ ‘ಬಾರೇ, ಇದೇನಾಯ್ತು ನೋಡೇ’ ಎಂಬ ಕರೆ ಬರುವುದು ನಮಗೇ!

ಮೊದಲು ಕೇಳಿ, ಆಮೇಲೆ ಕೊಳ್ಳಿ

ಸೀರೆ ಕೊಳ್ಳುವಾಗ ಉಡುವವರಾರೆಂದು ಯೋಚಿಸುತ್ತೇವೆ. ಕಂಪ್ಯೂಟರ್ ಕೊಳ್ಳುವಾಗ ಮಾತ್ರ ‘ಯಾವುದು ಹೆಚ್ಚು ಪವರ್‌ಫುಲ್?’ ಎಂದು ಕೇಳಿಬಿಡುತ್ತೇವೆ. ಅದಕ್ಕಿಂತ ಮೊದಲು ಹಿರಿಯರ ಪಕ್ಕದಲ್ಲಿ ಕೂತು, ಅವರು ಏನು ನೋಡುತ್ತಾರೆ, ಏನು ನೋಡಲು ಆಸೆಪಡುತ್ತಾರೆ ಎಂದು ವಿಚಾರಿಸಿ.

ತೀರ್ಥಹಳ್ಳಿಯ ಕಡೆಯಲ್ಲಿರುವ ನಮ್ಮ ದೊಡ್ಡಮ್ಮನ ಉದಾಹರಣೆಯನ್ನೇ ಹೇಳುತ್ತೇನೆ. ವಯಸ್ಸು ಎಪ್ಪತ್ತು ದಾಟಿದೆ. ದೊಡ್ಡಪ್ಪ ತೀರಿಕೊಂಡ ಮೇಲೆ ಒಬ್ಬರೇ ಇದ್ದಾರೆ. ಪುಣೆಯಲ್ಲಿರುವ ಅವರ ಮಗ, ನಮ್ಮಣ್ಣ, ‘ದೊಡ್ಡ ಮಿನಿ ಪೀಸಿಯನ್ನೇ ತಗೊಳ್ಳೋಣ, ಹತ್ತು ವರ್ಷ ನೋಡೋ ಹಾಗಿಲ್ಲ’ ಎಂದ. ನಾನು ದೊಡ್ಡಮ್ಮನನ್ನೇ ಕೇಳಿದೆ. ಧಾರಾವಾಹಿಗೆ ಡಿಶ್ ಇದೆ. ಯೂಟ್ಯೂಬಿನ ಹಾಡು, ಅಡುಗೆ ಅವರ ಟೀವಿಯಲ್ಲೇ ಬರುತ್ತದೆ. ಮತ್ತೇನು ಬೇಕು?

ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ‘ನಿಮ್ಮ ದೊಡ್ಡಪ್ಪನ ತಾಳಮದ್ದಳೆ ಕೇಳ್ಬೇಕು ಅಂತ ಆಸೆ ಕಣೇ. ಆದ್ರೆ ಪಕ್ಕದ್ಮನೆ ಹುಡುಗನ್ನ ಎಷ್ಟು ಸಲ ಕರೆಯೋದು ಮಾರಾಯ್ತಿ? ಪಾಪ, ಅವನಿಗೂ ಓದೋದಿರತ್ತೆ.’

ದೊಡ್ಡಪ್ಪ ಒಳ್ಳೆಯ ಅರ್ಥಧಾರಿ. ವೇಷವಿಲ್ಲದೆ, ಕುಣಿತವಿಲ್ಲದೆ ಮಾತಿನಲ್ಲೇ ಕೃಷ್ಣನನ್ನೂ ಕರ್ಣನನ್ನೂ ಕಟ್ಟಿಕೊಡುವ ಕಲೆ ಅದು. ಅವರ ಹಳೆಯ ಕ್ಯಾಸೆಟ್ಟುಗಳನ್ನೂ ಮಕ್ಕಳ ಮದುವೆಯ ಸೀಡಿಗಳನ್ನೂ ಅಣ್ಣ ಒಂದು ಹಾರ್ಡ್ ಡಿಸ್ಕಿಗೆ ಹಾಕಿಸಿಕೊಟ್ಟಿದ್ದ. ಟೀವಿಗೆ ಅದನ್ನು ಸಿಕ್ಕಿಸಿದರೆ ಕೆಲವು ಫೈಲು ತೆರೆಯುತ್ತಲೇ ಇರಲಿಲ್ಲ. ತೆರೆದವೂ ಇಂಗ್ಲಿಷ್ ಅಕ್ಷರ, ಅಂಕಿಗಳ ಉದ್ದನೆಯ ಪಟ್ಟಿಯಾಗಿ ಕಾಣುತ್ತಿದ್ದವು. ಎರಡು ವರ್ಷ ಆ ಡಿಸ್ಕು ಬೀರುವಿನಲ್ಲಿ, ಸೀರೆಗಳ ಮಧ್ಯೆ, ಬಟ್ಟೆಯಲ್ಲಿ ಸುತ್ತಿ ಮಲಗಿತ್ತು. ಯಾವುದು ಬೇಕೆಂದು ತಿಳಿಯಲು ಅಂಗಡಿಗೆ ಹೋಗಬೇಕಾಗಲಿಲ್ಲ. ಆ ಒಂದು ಮಾತೇ ಸಾಕಾಯಿತು.

ಮೂರು ಬಗೆಗಳು

ಒಂದು, ಟೀವಿಯ ಹಿಂದೆ ಸಿಕ್ಕಿಸುವ ಸ್ಟಿಕ್ಕು ಅಥವಾ ಅಂಗೈಯಗಲದ ಪೆಟ್ಟಿಗೆ. ಫೈರ್ ಟೀವಿ, ಗೂಗಲ್ ಟೀವಿ ಎಂಬ ಹೆಸರಿನವು ಈ ಜಾತಿ. ನಿಮ್ಮ ಹಿರಿಯರಿಗೆ ಯೂಟ್ಯೂಬ್, ಸಿನಿಮಾದ ಆ್ಯಪುಗಳು ಮಾತ್ರ ಬೇಕಿದ್ದರೆ ಇದೇ ಸಾಕು. ಬೆಲೆಯೂ ಕಡಿಮೆ, ರಿಮೋಟೂ ಸರಳ.

ಎರಡು, ಮಿನಿ ಪೀಸಿ. ಊಟದ ಡಬ್ಬಿಯಷ್ಟಿರುವ ಪೂರಾ ಕಂಪ್ಯೂಟರು. ಕೀಬೋರ್ಡ್, ಮೌಸ್ ಹಿಡಿಯಬಲ್ಲವರಿಗೆ, ಲೆಕ್ಕ ಪತ್ರ ಬರೆಯುವವರಿಗೆ ಒಳ್ಳೆಯದು. ಆದರೆ ಸೋಫಾದಲ್ಲಿ ಕೂತು ದೂರದ ಪರದೆಯ ಮೇಲೆ ಸಣ್ಣ ಬಾಣದ ಗುರುತನ್ನು ಓಡಿಸುವುದು, ಕೈ ನಡುಗುವವರಿಗೆ ಶಿಕ್ಷೆಯೇ ಸರಿ. ಕೊಳ್ಳುವುದಾದರೆ 8 ಜೀಬಿ ಮೆಮೊರಿ ಇರಲಿ, ಎಸ್ಸೆಸ್ಡಿ ಇರಲಿ, ಫ್ಯಾನಿನ ಸದ್ದು ಕೇಳಿ ನೋಡಿ. ಹಳೆಯ ವಿಂಡೋಸ್ 10ರ ಮಾಲನ್ನು ಅಗ್ಗಕ್ಕೆ ಕೊಟ್ಟರೆ ವಿಂಡೋಸ್ 11 ಹಾಕಲು ಬರುತ್ತದೆಯೇ ಎಂದು ಮೊದಲು ಕೇಳಿ. ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ.

ಮೂರು, ರಾಸ್‌ಬೆರಿ ಪೈ ಎಂಬ ಪುಟಾಣಿ. ಮಕ್ಕಳಿಗೆ ಕಂಪ್ಯೂಟರ್ ಕಲಿಸಲೆಂದು ಬ್ರಿಟನ್ನಿನಲ್ಲಿ ಹುಟ್ಟಿ 2012ರಲ್ಲಿ ಮಾರಾಟಕ್ಕೆ ಬಂದದ್ದು. ಹೆಸರಿಗೆ ತಿಂಡಿ, ಗಾತ್ರಕ್ಕೆ ಇಸ್ಪೀಟು ಎಲೆಗಳ ಕಟ್ಟು! ಇದಕ್ಕೆ ‘ಕೋಡಿ’ ಎಂಬ ಉಚಿತ ತಂತ್ರಾಂಶ ಹಾಕಿದರೆ, ನಮ್ಮದೇ ಹಾಡು, ವಿಡಿಯೋ, ಫೋಟೋಗಳನ್ನು ಚಿತ್ರಗಳ ಸಾಲಾಗಿ ಟೀವಿಯ ಮೇಲೆ ತೋರಿಸುತ್ತದೆ. ಆದರೆ ಇದನ್ನು ಮೊದಲ ಸಲ ಸಿದ್ಧಪಡಿಸಲು ತಿಳಿದವರೊಬ್ಬರು ಬೇಕೇ ಬೇಕು. ಮನೆಯಲ್ಲಿ ಅಂಥವರಿಲ್ಲದಿದ್ದರೆ ಈ ಗೋಜಿಗೆ ಹೋಗಬೇಡಿ.

ದೊಡ್ಡಮ್ಮನಿಗೆ ನಾವು ಆರಿಸಿದ್ದು ಈ ಮೂರನೆಯದನ್ನು, 2019ರಲ್ಲಿ ಬಂದ ನಾಲ್ಕನೇ ಮಾದರಿಯನ್ನು. ಶಕ್ತಿಯಲ್ಲಿ ಅಣ್ಣ ಹೇಳಿದ ಮಿನಿ ಪೀಸಿಗೆ ಅದು ಸಾಟಿಯಲ್ಲ. ಆದರೂ ಯಾಕೆ ಎಂದಿರಾ?

ಒಂದೇ ರಿಮೋಟಿನ ಗುಟ್ಟು

ಇಂದಿನ ಟೀವಿಗಳಲ್ಲಿ ಎಚ್‌ಡಿಎಂಐ ಎಂಬ ಚಪ್ಪಟೆ ಕಿಂಡಿ ಇರುತ್ತದಷ್ಟೆ? ಆ ತಂತಿಯಲ್ಲಿ ಚಿತ್ರ, ಧ್ವನಿಯ ಜೊತೆಗೆ ರಿಮೋಟಿನ ಅಪ್ಪಣೆಯೂ ಹರಿಯಬಲ್ಲುದು. ಇದಕ್ಕೆ ಸಿಇಸಿ ಎಂದು ಹೆಸರು. ಸ್ಯಾಮ್‌ಸಂಗ್‌ನವರು ಎನಿನೆಟ್ ಪ್ಲಸ್ ಎಂದೂ, ಎಲ್‌ಜಿಯವರು ಸಿಂಪ್‌ಲಿಂಕ್ ಎಂದೂ, ಸೋನಿಯವರು ಬ್ರಾವಿಯಾ ಸಿಂಕ್ ಎಂದೂ ಕರೆಯುತ್ತಾರೆ. ಟೀವಿಯ ಸೆಟ್ಟಿಂಗ್‌ನಲ್ಲಿ ಅದನ್ನು ಆನ್ ಮಾಡಿಟ್ಟರೆ, ಟೀವಿಯ ಸ್ವಂತ ರಿಮೋಟಿನಿಂದಲೇ ಪುಟ್ಟ ಕಂಪ್ಯೂಟರನ್ನೂ ನಡೆಸಬಹುದು. ರಾಸ್‌ಬೆರಿ ಪೈಗೆ ಈ ಸೌಲಭ್ಯ ಹುಟ್ಟಿನಿಂದಲೇ ಇದೆ. ಹೆಚ್ಚಿನ ಮಿನಿ ಪೀಸಿಗಳಲ್ಲಿ ಇರುವುದಿಲ್ಲ. ದೊಡ್ಡಮ್ಮನ ಕೈಗೆ ಪಳಗಿದ್ದ ಅದೇ ಹಳೇ ರಿಮೋಟು, ಅದೇ ಮೇಲೆ ಕೆಳಗೆ ಬಾಣ, ಅದೇ ‘ಓಕೆ’ ಗುಂಡಿ. ಹೊಸದಾಗಿ ಕಲಿಯಬೇಕಾದದ್ದು ಅರ್ಧಕ್ಕರ್ಧ ಉಳಿಯಿತು!

ಎರಡನೆಯ ಕಾರಣ ಮಲೆನಾಡಿನ ಕರೆಂಟು. ಮಳೆಗಾಲದಲ್ಲಿ ಅದು ಹೋಗಿ ಬರುವುದಕ್ಕೆ ಲೆಕ್ಕವೇ ಇಲ್ಲ. ಕರೆಂಟ್ ಬಂದ ಕೂಡಲೇ ಈ ಪುಟಾಣಿ ತಾನೇ ಎದ್ದು ಕೂರುತ್ತದೆ, ಯಾರೂ ಗುಂಡಿ ಒತ್ತಬೇಕಿಲ್ಲ. ಪಾಸ್‌ವರ್ಡ್ ಕೇಳದೆ ನೇರವಾಗಿ ಕೋಡಿಯೇ ತೆರೆಯುವಂತೆ ಅಣ್ಣ ಮಾಡಿಟ್ಟಿದ್ದಾನೆ. ಕರೆಂಟ್ ಹಠಾತ್ತನೆ ಹೋದರೆ ಒಳಗಿನ ಮೆಮೊರಿ ಕಾರ್ಡು ಕೆಡುವ ಭಯ ಇದ್ದೇ ಇದೆ. ಅದಕ್ಕೇ ಅದರ ನಕಲೊಂದನ್ನು ಲಕೋಟೆಯಲ್ಲಿ ಹಾಕಿ ಟೀವಿಯ ಹಿಂದೆಯೇ ಅಂಟಿಸಿದ್ದಾನೆ. ಮನೆಗೆ ಇನ್ವರ್ಟರ್ ಇದ್ದರೆ ಅದರ ಪ್ಲಗ್ಗಿಗೇ ಜೋಡಿಸಿ.

ಮೂರನೆಯದು ಖರ್ಚು. ವಿಡಿಯೋ ನಡೆಯುವಾಗಲೂ ಇದು ನುಂಗುವುದು ಸುಮಾರು 5 ವ್ಯಾಟ್. ಹಗಲು ರಾತ್ರಿ ಹಚ್ಚಿಟ್ಟರೂ ತಿಂಗಳಿಗೆ ನಾಲ್ಕು ಯೂನಿಟ್ಟಿನ ಒಳಗೆ. ಹಳೆಯ ದೊಡ್ಡ ಕಂಪ್ಯೂಟರು 100 ವ್ಯಾಟ್ ತಿಂದರೆ, ದಿನಕ್ಕೆ ಆರು ಗಂಟೆಯ ಲೆಕ್ಕದಲ್ಲೇ 18 ಯೂನಿಟ್ ಆಗುತ್ತದೆ.

ಕೊಳ್ಳುವಾಗ ಗಮನಿಸಿ

• ಟೀವಿಯ ಹಿಂಬದಿಯ ಫೋಟೋ ತೆಗೆದುಕೊಂಡು ಅಂಗಡಿಗೆ ಹೋಗಿ. ಕೆಂಪು, ಬಿಳಿ, ಹಳದಿ ಕಿಂಡಿಗಳು ಮಾತ್ರ ಇರುವ ಹಳೆಯ ಟೀವಿಗೆ ಇವು ಯಾವುವೂ ನೇರವಾಗಿ ಕೂರುವುದಿಲ್ಲ.

• ರಾಸ್‌ಬೆರಿ ಪೈಯ ನಾಲ್ಕು, ಐದನೇ ಮಾದರಿಗಳಿಗೆ ಒಂದು ತುದಿ ಸಣ್ಣದಿರುವ ಮೈಕ್ರೋ ಎಚ್‌ಡಿಎಂಐ ತಂತಿಯೇ ಬೇಕು. ಅಡಾಪ್ಟರು, ಡಬ್ಬಿ, ಮೆಮೊರಿ ಕಾರ್ಡು ಬೇರೆ ಬೇರೆ. ಎಲ್ಲ ಕೂಡಿಸಿ ಬೆಲೆ ಕೇಳಿ.

• ಹಾರ್ಡ್ ಡಿಸ್ಕಿಗೆ ವಿದ್ಯುತ್ ಸಾಲದೆ ಟಿಕ್ ಟಿಕ್ ಎಂದರೆ, ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಮಧ್ಯೆ ಹಾಕಬೇಕು.

• ಇಂಟರ್‌ನೆಟ್‌ನಲ್ಲಿ ಸಿನಿಮಾ ನೋಡುವವರಾದರೆ ಡೇಟಾದ ಲೆಕ್ಕವಿರಲಿ. ಎಚ್‌ಡಿ ಚಿತ್ರ ಒಂದು ಗಂಟೆಗೆ 3 ಜೀಬಿಯವರೆಗೂ ಕುಡಿಯುತ್ತದೆ. ಮೊಬೈಲಿನ ದಿನದ ಡೇಟಾ ಒಂದು ಸಿನಿಮಾಕ್ಕೂ ಸಾಲದು.

• ‘ಎಲ್ಲಾ ಚಾನೆಲ್, ಎಲ್ಲಾ ಸಿನಿಮಾ ಜೀವಮಾನವಿಡೀ ಫ್ರೀ’ ಎನ್ನುವ, ಹೆಸರಿಲ್ಲದ ಅಗ್ಗದ ಪೆಟ್ಟಿಗೆಗಳಿಗೆ ದೂರದಿಂದಲೇ ಕೈಮುಗಿಯಿರಿ. ಇಂಥ ಕೆಲವು ಪೆಟ್ಟಿಗೆಗಳು ಕಳ್ಳ ತಂತ್ರಾಂಶವನ್ನು ಒಡಲಲ್ಲಿಟ್ಟುಕೊಂಡೇ ಮನೆಗೆ ಬರುತ್ತವೆಂದು ಅಮೆರಿಕದ ಎಫ್‌ಬಿಐ 2025ರ ಜೂನ್‌ನಲ್ಲಿ ಜನರನ್ನು ಎಚ್ಚರಿಸಿದೆ.

ಕಲಿಸುವುದೂ ಒಂದು ಕಲೆ

ತಂದು ಜೋಡಿಸಿದರೆ ಅರ್ಧ ಕೆಲಸ. ಉಳಿದರ್ಧ ನಮ್ಮ ತಾಳ್ಮೆ. ದೊಡ್ಡಮ್ಮನಿಗೆ ಇಂಗ್ಲಿಷ್ ಓದಲು ಬಾರದು. ಕೋಡಿಯಲ್ಲಿ ಒಂದು ಅನುಕೂಲವಿದೆ. ಪ್ರತಿಯೊಂದು ಫೋಲ್ಡರಿನೊಳಗೂ ‘ಫೋಲ್ಡರ್’ ಎಂದೇ ಇಂಗ್ಲಿಷಿನಲ್ಲಿ ಹೆಸರಿಟ್ಟ ಜೇಪೆಗ್ ಫೋಟೋವೊಂದನ್ನು ಹಾಕಿಟ್ಟರೆ, ಆ ಚಿತ್ರವೇ ಮುಖಪುಟವಾಗಿ ಕಾಣುತ್ತದೆ. ತಾಳಮದ್ದಳೆಗೆ ದೊಡ್ಡಪ್ಪ ಶಾಲು ಹೊದ್ದು ಕೂತ ಫೋಟೋ, ಮಗಳ ಮದುವೆಗೆ ಧಾರೆಯ ಫೋಟೋ, ಮೊಮ್ಮಗಳ ನಾಮಕರಣಕ್ಕೆ ತೊಟ್ಟಿಲು. ಓದಬೇಕಾದದ್ದು ಏನೂ ಇಲ್ಲ. ಮುಖ ನೋಡಿ ಒತ್ತಿದರಾಯಿತು.

ರಿಮೋಟಿನಲ್ಲಿ ಬೇಕಾದ ನಾಲ್ಕು ಗುಂಡಿಗಳ ಪಕ್ಕ ಕೆಂಪು ಉಗುರುಬಣ್ಣದ ಚುಕ್ಕೆಯಿಟ್ಟೆ. ಒಂದು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ತೂಗುಹಾಕಿದೆ: ‘1. ಟೀವಿ ಹಾಕು. 2. ಮನೆ ಚಿತ್ರದ ಗುಂಡಿ ಒತ್ತಿ, ಪೈ ಆರಿಸು. 3. ಫೋಟೋ ನೋಡಿ ಓಕೆ ಒತ್ತು. 4. ದಾರಿ ತಪ್ಪಿದರೆ ಹಿಂದೆ ಬರುವ ಗುಂಡಿ.’ ನಿಮ್ಮ ಮನೆಯ ಟೀವಿಗೆ ತಕ್ಕಂತೆ ನೀವು ಬರೆದುಕೊಳ್ಳಿ. ಐದಕ್ಕಿಂತ ಹೆಚ್ಚು ಸಾಲು ಮಾತ್ರ ಬೇಡ.

ಕಲಿಸುವಾಗ ಒಂದು ನಿಯಮ: ರಿಮೋಟು ಅವರ ಕೈಯಲ್ಲೇ ಇರಬೇಕು. ‘ಇಲ್ಲಿ ಕೊಡಿ, ನಾನೇ ಹಾಕ್ತೀನಿ’ ಎಂದು ಕಿತ್ತುಕೊಂಡಿರೋ, ಅಲ್ಲಿಗೆ ಮುಗಿಯಿತು. ಹತ್ತು ಸಲ ತಪ್ಪಿದರೂ ನಗದೆ, ಗದರದೆ ಪಕ್ಕದಲ್ಲಿ ಬತ್ತಿ ಹೊಸೆಯುತ್ತಲೋ ಅವರೆ ಬಿಡಿಸುತ್ತಲೋ ಕೂತಿರಿ. ದೊಡ್ಡಮ್ಮನಿಗೆ ಮೂರು ದಿನ ಹಿಡಿಯಿತು. ನಾಲ್ಕನೆಯ ದಿನ ನಾನು ಒಲೆಯ ಮುಂದಿದ್ದಾಗ ನಡುಮನೆಯಿಂದ ದೊಡ್ಡಪ್ಪನ ದನಿ ಕೇಳಿಸಿತು. ಕರ್ಣನ ಅರ್ಥ ಹೇಳುತ್ತಿದ್ದರು. ದೊಡ್ಡಮ್ಮ ಯಾರನ್ನೂ ಕರೆದಿರಲಿಲ್ಲ. ಈಗ ಸಂಜೆ ದೀಪ ಹಚ್ಚಿದ ಮೇಲೆ ದಿನಕ್ಕೊಂದು ತುಂಡು ಕೇಳುತ್ತಾರಂತೆ. ವಿಡಿಯೋ ಆದರೆ ನಿಲ್ಲಿಸಿದಲ್ಲಿಂದಲೇ ಮುಂದುವರಿಸುವ ಅನುಕೂಲವೂ ಅದರಲ್ಲಿದೆ.

ಎರಡು ಎಚ್ಚರಿಕೆ

ಆ್ಯಪು ಇರುವ ಪೆಟ್ಟಿಗೆಯಾದರೆ ಹಿರಿಯರ ಬ್ಯಾಂಕ್ ಕಾರ್ಡಿನ ನಂಬರನ್ನು ಅದರಲ್ಲಿ ಸೇರಿಸಬೇಡಿ. ಚಂದಾ ಕಟ್ಟುವುದಿದ್ದರೆ ಮಕ್ಕಳು ತಮ್ಮ ಫೋನಿನಿಂದ ಕಟ್ಟಲಿ. ಖರೀದಿಗೆ ಪಿನ್ ಹಾಕಿಡಿ. ‘ನಿಮ್ಮ ಟೀವಿ ಚಂದಾ ಮುಗಿದಿದೆ, ಓಟಿಪಿ ಹೇಳಿ’ ಎಂದು ಯಾರೇ ಫೋನ್ ಮಾಡಿದರೂ ಇಟ್ಟುಬಿಡಲು ಹೇಳಿಕೊಡಿ. ಹಣ ಹೋಗಿದೆ ಎನಿಸಿದ ಕೂಡಲೇ 1930ಕ್ಕೆ ಫೋನ್ ಮಾಡಬೇಕು. ಆ ನಂಬರನ್ನೂ ಅದೇ ರಟ್ಟಿನ ಕೆಳಗೆ ಬರೆದಿಡಿ.

ಇನ್ನೊಂದು, ನೆನಪುಗಳನ್ನು ಒಂದೇ ಡಿಸ್ಕಿನಲ್ಲಿ ಇಡಬೇಡಿ. ಹಾರ್ಡ್ ಡಿಸ್ಕು ಹೇಳಿ ಕೇಳಿ ಕೆಡುವುದಿಲ್ಲ. ನಕಲೊಂದು ಮಗನ ಮನೆಯಲ್ಲೋ ಮಗಳ ಮನೆಯಲ್ಲೋ ಇರಲಿ. ಹೋದ ದನಿಯನ್ನು ಯಾವ ಅಂಗಡಿಯಲ್ಲೂ ಕೊಳ್ಳಲಾಗದು.

ಕೊನೆಗೆ ಅಂಗಡಿಯಲ್ಲಿ ನಿಂತಾಗ ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನಾವು ಯಾರೂ ಮನೆಯಲ್ಲಿಲ್ಲದ ಒಂದು ಮಧ್ಯಾಹ್ನ ಅವರು ಇದನ್ನು ತಾವೇ ಹಾಕಿಕೊಳ್ಳಬಲ್ಲರೇ? ಹೌದು ಎಂದಾದರೆ ಹಣ ಕೊಡಿ. ಇಲ್ಲವಾದರೆ ಎಷ್ಟೇ ದೊಡ್ಡ ಹೆಸರಿನದಾಗಿರಲಿ, ಮುಂದಿನ ಅಂಗಡಿಗೆ ನಡೆಯಿರಿ.